ಮಗನಿಗೆ ಪಾಲಿಕೆಯಲ್ಲಿ ಕೆಲಸ ಸಿಗುತ್ತಾ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗನಿಗೆ ಈಗ 23 ವರ್ಷ. ಹುಟ್ಟಿನಿಂದ ಬುದ್ಧಿಮಾಂದ್ಯತೆ ಇದೆ. ಸರ್ಟಿಫಿಕೇಟಿನಲ್ಲಿ ಶೇ 75 ಅಂತ ಬರೆದಿದ್ದಾರೆ. 18ಕ್ಕೆ ವಿಶೇಷ ಶಾಲೆ ಮುಗಿಯಿತು. ಅಲ್ಲಿ ಮೇಣದಬತ್ತಿ, ಪೇಪರ್ ಕವರ್ ಮಾಡುವುದು ಕಲಿಸಿದ್ದರು. ಐದು ವರ್ಷದಿಂದ ಮನೆಯಲ್ಲೇ ಇದ್ದಾನೆ. ಯಜಮಾನರು ಇಲ್ಲ, ನಾನು ಟೇಲರಿಂಗ್ ಮಾಡುತ್ತೇನೆ. ಓದಲು ಬರುವುದಿಲ್ಲ, ಅಂಕಿ ಗುರುತಿಸುತ್ತಾನೆ. ದಿನಾ ಬೆಳಗ್ಗೆ ಕಸದ ಗಾಡಿ ಬರುವ ಹೊತ್ತಿಗೆ ಓಣಿಯ ಎಲ್ಲರ ಬಕೆಟ್ ತಂದು ಸಾಲಾಗಿ ಇಡುತ್ತಾನೆ. ಬೇಡ ಅಂದರೂ ಕೇಳುವುದಿಲ್ಲ, ನನಗೆ ನಾಚಿಕೆ ಆಗುತ್ತದೆ. ಮಹಾನಗರ ಪಾಲಿಕೆಯಲ್ಲಿ ಅಂಗವಿಕಲರಿಗೆ ಮೀಸಲಾತಿ ಇದೆ, ಅರ್ಜಿ ಹಾಕು ಅಂತ ಮಂದಿ ಹೇಳುತ್ತಾರೆ. ನಿಜವಾಗಿ ಸಿಗುತ್ತಾ? ಏನು ಕೆಲಸ ಮಾಡಿಯಾನು? ಯಾರಾದರೂ ಚ್ಯಾಷ್ಟಿ ಮಾಡಿದರೆ? ಮಾಸಾಶನ ನಿಂತರೆ?

ಉತ್ತರ: ಅಕ್ಕಾರ, ಮೊದಲು ಮೀಸಲಾತಿಯ ಮಾತು ಮುಗಿಸಿಬಿಡೋಣ. ಮಂದಿ ಹೇಳಿದ್ದು ಸುಳ್ಳಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 34ನೇ ಕಲಂ ಪ್ರಕಾರ ಸರ್ಕಾರಿ ಸಂಸ್ಥೆಗಳ ನೇಮಕಾತಿಯಲ್ಲಿ ಕನಿಷ್ಠ ಶೇ 4 ಅಂಗವಿಕಲರಿಗೆ ಇಡಬೇಕು. ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿ ಎಲ್ಲವೂ ಇದರೊಳಗೆ ಬರುತ್ತವೆ. ಈ ನಾಲ್ಕರಲ್ಲಿ ಕಣ್ಣಿನ ತೊಂದರೆ ಇದ್ದವರಿಗೆ ಒಂದು, ಕಿವಿ ಕೇಳದವರಿಗೆ ಒಂದು, ಕೈಕಾಲಿನ ತೊಂದರೆಗೆ ಒಂದು. ಉಳಿದ ಒಂದರಲ್ಲಿ ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲರೂ ಕೂಡಿ ಇರಬೇಕು. 1995ರ ಹಳೇ ಕಾಯ್ದೆಯಲ್ಲಿ ಶೇ 3 ಇತ್ತು, ಅದರಲ್ಲಿ ನಿಮ್ಮ ಮಗನಂಥವರಿಗೆ ಏನೂ ಇರಲಿಲ್ಲ. ಅಷ್ಟರ ಮಟ್ಟಿಗೆ ಹೊಸದು ದೊಡ್ಡದೇ.

ಆದರೆ ಆ ಒಂದು ಪರ್ಸೆಂಟು ಯಾರ ಕೈಗೆ ಹೋಗುತ್ತದೆ ನೋಡಿ. ಹುದ್ದೆಗೆ ಲಿಖಿತ ಪರೀಕ್ಷೆ ಇದ್ದರೆ, ಕಲಿಕಾ ನ್ಯೂನತೆ ಇದ್ದೂ ಡಿಗ್ರಿ ಮಾಡಿದ ಹುಡುಗ ಪಾಸಾಗುತ್ತಾನೆ. ನಿಮ್ಮ ಮಗ ಹಾಲ್ ಟಿಕೆಟ್ ಹಿಡಿದು ಕೂತಿರುತ್ತಾನೆ. ಯಾರೂ ತಕ್ಕವರು ಸಿಗಲಿಲ್ಲ ಅಂದರೆ ಆ ಹುದ್ದೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆಗಲೂ ಸಿಗದಿದ್ದರೆ ಅಂಗವೈಕಲ್ಯದ ಬೇರೆ ವರ್ಗದವರಿಗೆ ಕೊಡಬಹುದು. ಇದನ್ನೂ ಅದೇ ಕಲಂ ಹೇಳುತ್ತದೆ. ಹೀಗೆ ಕಾನೂನು ಮುರಿಯದೆಯೇ ನಿಮ್ಮ ಮಗನ ಪಾಲಿನ ಕುರ್ಚಿ ಖಾಲಿಯಾಗಿ, ಆಮೇಲೆ ಇನ್ನೊಬ್ಬರದಾಗಿ ಹೋಗುತ್ತದೆ. ಧಾರವಾಡ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಮಕ್ಕಳ ಜೊತೆ ಇದ್ದೇನೆ. ಪರೀಕ್ಷೆ ಬರೆದು ಈ ಬಾಗಿಲಿನಿಂದ ಒಳಗೆ ಹೋದ ನಿಮ್ಮ ಮಗನಂಥ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ. ಜಾಹೀರಾತು ಬಂದಾಗ ಅರ್ಜಿ ಹಾಕಿ, ಬಿಡಬೇಡಿ. ಅದನ್ನೇ ನಂಬಿಕೊಂಡು ಮಾತ್ರ ಕೂರಬೇಡಿ.

ಇನ್ನೊಂದು ಬಾಗಿಲಿದೆ. ಅದಕ್ಕೆ ಕನ್ನಡದಲ್ಲಿ ಇನ್ನೂ ಒಳ್ಳೆಯ ಹೆಸರಿಲ್ಲ. ಪುಸ್ತಕದಲ್ಲಿ ‘ಬೆಂಬಲಿತ ಉದ್ಯೋಗ’ ಅಂತ ಇರುತ್ತದೆ. ನಮ್ಮಲ್ಲಿ ನಾವು ‘ಜೊತೆಗೆ ನಿಂತು ಕೆಲಸ’ ಅನ್ನುತ್ತೇವೆ. ಅದನ್ನು ಹೇಳುವ ಮೊದಲು ಆ 75ರ ಮಾತು.

ಆ ಅಂಕಿ ನೋಡಿ ಎಷ್ಟೋ ತಾಯಂದಿರು ‘ಹಂಗಾರ ಅವನ ಹಂತ್ಯಾಕ ಇಪ್ಪತ್ತೈದ ಉಳೀತಲ್ರಿ’ ಅನ್ನುತ್ತಾರೆ. ಹಾಗಲ್ಲ. ಬುದ್ಧಿ ಪರೀಕ್ಷೆ ಮತ್ತು ದಿನನಿತ್ಯದ ನಡವಳಿಕೆಯ ಅಳತೆ, ಇವೆರಡನ್ನು ಹಿಡಿದು ಸೌಮ್ಯ, ಮಧ್ಯಮ, ತೀವ್ರ ಅಂತ ವರ್ಗ ಮಾಡುತ್ತಾರೆ. 2018ರ ಮಾರ್ಗಸೂಚಿಯಲ್ಲಿ ಸೌಮ್ಯಕ್ಕೆ ಶೇ 50, ಮಧ್ಯಮಕ್ಕೆ ಶೇ 75, ತೀವ್ರಕ್ಕೆ ಶೇ 90 ಅಂತ ನಿಗದಿ ಮಾಡಿದ್ದಾರೆ. ಅದಕ್ಕೇ ಸರ್ಟಿಫಿಕೇಟುಗಳಲ್ಲಿ ಇದೇ ಎರಡು ಮೂರು ಅಂಕಿ ಮತ್ತೆ ಮತ್ತೆ ಕಾಣುತ್ತವೆ. ಅದು ಸೌಲಭ್ಯಕ್ಕೆ ಕೊಟ್ಟ ಅಂಕಿ. ಗಿಡಕ್ಕೆ ನೀರು ಹಾಕಬಲ್ಲನೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ. ಶೇ 50ರ ಹುಡುಗ ಹತ್ತು ನಿಮಿಷ ಕೂರಲಾರದೆ ಎದ್ದು ಹೋಗಿದ್ದನ್ನು ನೋಡಿದ್ದೇನೆ. ಶೇ 75ರವನು ಮೂರು ತಾಸು ತಲೆ ಎತ್ತದೆ ಕೆಲಸ ಮಾಡಿದ್ದನ್ನೂ ನೋಡಿದ್ದೇನೆ.

ಇನ್ನು ಮೇಣದಬತ್ತಿ. ಅಕ್ಕಾರ, ಬೇಜಾರು ಮಾಡಿಕೊಳ್ಳಬೇಡಿ, ನಾನೂ ವರ್ಷಗಟ್ಟಲೆ ಅದನ್ನೇ ಕಲಿಸಿದವನು. ಮೇಣದಬತ್ತಿ, ಕವರ್, ದೀಪಾವಳಿಗೆ ಹಣತೆಗೆ ಬಣ್ಣ. ಮೊದಲು ತರಬೇತಿ, ಆಮೇಲೆ ಕೆಲಸ ಅನ್ನುವ ಲೆಕ್ಕ. ಆ ‘ಆಮೇಲೆ’ ಬರಲೇ ಇಲ್ಲ. ಈ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ತಿರುಗಿಸಿ ಹಚ್ಚುವುದೇ ಕಷ್ಟ. ಶಾಲೆಯ ನಳ ತಿರುಗಿಸಲು ಬರುತ್ತದೆ, ಒತ್ತುವ ನಳ ಕಂಡರೆ ಸುಮ್ಮನೆ ನಿಂತುಬಿಡುತ್ತಾರೆ. ಹೀಗಿರುವಾಗ ಶಾಲೆಯಲ್ಲಿ ವರ್ಷಗಟ್ಟಲೆ ಕವರ್ ಅಂಟಿಸಿದ್ದು ಪಾಲಿಕೆಯ ಅಂಗಳದಲ್ಲಿ ಯಾವ ಉಪಯೋಗಕ್ಕೆ ಬರಬೇಕು?

1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಅನ್ನುವವರು ಮಧ್ಯಮ ಮತ್ತು ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದವರಿಗೆ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಬಿಡಿ ಭಾಗಗಳನ್ನು ಸಾಲಾಗಿ ಇಟ್ಟು, ಒಂದೊಂದೇ ಹೆಜ್ಜೆ, ಬಾಯಿಮಾತು ಕಡಿಮೆ, ಕೈ ಹಿಡಿದು ತೋರಿಸುವುದು ಜಾಸ್ತಿ. ಕಲಿಯುವವನಿಗೆ ಬರಲಿಲ್ಲ ಅಂದರೆ ಕಲಿಸುವ ರೀತಿ ಬದಲಿಸು ಅನ್ನುವುದು ಅವರ ವಾದ. ಆಮೇಲೆ ಅಲ್ಲಿನವರು ಲೆಕ್ಕವನ್ನೇ ತಿರುವಿ ಹಾಕಿದರು. ಮೊದಲು ನಿಜವಾದ ಕೆಲಸದಲ್ಲಿ ನಿಲ್ಲಿಸು, ಅಲ್ಲೇ ಕಲಿಸು. ಜೊತೆಗೆ ಒಬ್ಬ ಕಲಿಸುವವನು ಇರಲಿ, ದಿನ ಕಳೆದಂತೆ ಅವನು ಹಿಂದೆ ಸರಿಯಲಿ. 1980ರ ದಶಕದಲ್ಲಿ ಇದು ಅವರ ಕಾನೂನಿಗೂ ಬಂತು. ಆ ಕಲಿಸುವವನಿಗೆ ‘ಜಾಬ್ ಕೋಚ್’ ಅನ್ನುತ್ತಾರೆ.

ಪುಸ್ತಕದ ಮಾತು ಸಾಕು. ನಾನು ಇದನ್ನು ಕಲಿತದ್ದು ಒಣ ಕಸದ ಕೇಂದ್ರದಲ್ಲಿ.

ನಮ್ಮ ಭಾಗದ ಒಂದು ಊರು, ಹೆಸರು ಬೇಡ. ಮನೆ ಮನೆಯಿಂದ ತಂದ ಒಣ ಕಸವನ್ನು ಅಲ್ಲಿ ನೆಲಕ್ಕೆ ಸುರಿದು ವಿಂಗಡಿಸುತ್ತಾರೆ. ರಟ್ಟು ಒಂದು ಕಡೆ, ನೀರಿನ ಬಾಟಲಿ ಒಂದು ಕಡೆ, ಹಾಲಿನ ಪಾಕೀಟು ಒಂದು ಕಡೆ, ಚಿಪ್ಸ್, ಬಿಸ್ಕೀಟಿನ ಕವರ್ ಬೇರೆ. ಹಾಲಿನ ಪಾಕೀಟು ಮೆತ್ತನೆಯ ಪ್ಲಾಸ್ಟಿಕ್, ಗುಜರಿಯಲ್ಲಿ ಅದಕ್ಕೆ ರೇಟಿದೆ. ಚಿಪ್ಸ್ ಕವರಿಗೆ ಗಿರಾಕಿ ಇಲ್ಲ. ಎರಡೂ ಕಲಬೆರಕೆಯಾದರೆ ಹಾಲಿನ ಪಾಕೀಟಿನ ರೇಟೂ ಬೀಳುತ್ತದೆ. ನನ್ನ ಜೊತೆ ಬಂದ ಹುಡುಗನಿಗೆ 21. ಮಾತು ಕಡಿಮೆ. ಮಿಕ್ಸರ್ ಹಚ್ಚಿದರೆ ಕಿವಿ ಮುಚ್ಚಿಕೊಂಡು ಓಡುವವನು.

ನಾನು ಬಣ್ಣದ ಚಾರ್ಟ್ ಮಾಡಿಕೊಂಡು ಹೋದೆ. ನೀಲಿ ಇದು, ಕಿತ್ತಳೆ ಇದು ಅಂತ ಚಿತ್ರ ಅಂಟಿಸಿ ಗೋಡೆಗೆ ಹಚ್ಚಿದೆ. ಮೂರು ವಾರ ಹೋಯಿತು. ಹಾಲಿನ ಪಾಕೀಟಿನಲ್ಲೇ ನೀಲಿಯೂ ಇದೆ, ಹಸಿರೂ ಇದೆ, ಕಿತ್ತಳೆಯೂ ಇದೆ. ಚಿಪ್ಸಿನಲ್ಲೂ ಅದೇ ಬಣ್ಣಗಳಿವೆ. ಹುಡುಗ ನನ್ನ ಚಾರ್ಟಿಗೆ ನಿಷ್ಠೆಯಿಂದ ನಡೆದುಕೊಂಡ, ಎಲ್ಲವೂ ಕಲಬೆರಕೆಯಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕ ಇದನ್ನು ದಿನಾ ನೋಡುತ್ತಿದ್ದರು. ಒಂದು ದಿನ ಅವರು ಒಂದು ಚಿಪ್ಸ್ ಕವರ್ ತೆಗೆದುಕೊಂಡು ಅವನ ಕಿವಿಯ ಹತ್ತಿರ ಮುದುಡಿದರು. ಚರಚರ ಸದ್ದು. ಆಮೇಲೆ ಹಾಲಿನ ಪಾಕೀಟು ಮುದುಡಿದರು. ಸದ್ದೇ ಇಲ್ಲ. ‘ಒದರಿದ್ರ ಆ ಕಡೆ ಒಗಿ, ಸುಮ್ನಿದ್ರ ಈ ಕಡೆ ಹಾಕು, ತಮ್ಮಾ’ ಅಂದರು. ಅಷ್ಟೇ. ಸದ್ದಿಗೆ ಹೆದರುವ ಹುಡುಗನಿಗೆ ಸದ್ದಿನ ವ್ಯತ್ಯಾಸ ನಮಗಿಂತ ಚೆನ್ನಾಗಿ ತಿಳಿಯುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಎರಡು ದಿನದಲ್ಲಿ ಅವನ ಕೈ ಕುದುರಿತು. ಒಂದು ತಿಂಗಳಲ್ಲಿ ಅವನ ರಾಶಿಯನ್ನು ಮತ್ತೆ ಯಾರೂ ತಿರುವಿ ನೋಡುತ್ತಿರಲಿಲ್ಲ. ಚಾರ್ಟ್ ಏನಾಯಿತು ಅಂತ ಕೇಳಬೇಡಿ, ರಟ್ಟಿನ ರಾಶಿಗೆ ಹೋಯಿತು.

ಆ ಅಕ್ಕ ಬಿ.ಎಡ್ ಮಾಡಿದವರಲ್ಲ. ಆದರೆ ಆ ಕೆಲಸ ಅವರ ಕೈಯಲ್ಲಿ ಇತ್ತು. ನನ್ನ ಕೈಯಲ್ಲಿ ಇರಲಿಲ್ಲ. ಹಾಗಾಗಿ ಈಗ ಯಾವುದೇ ಜಾಗಕ್ಕೆ ಹೋದರೂ ಮೊದಲ ವಾರ ಹುಡುಗನನ್ನು ಕರೆದುಕೊಂಡು ಹೋಗುವುದಿಲ್ಲ. ನಾನೇ ಹೋಗಿ ಆ ಕೆಲಸ ಮಾಡುತ್ತೇನೆ. ಅಲ್ಲಿ ಯಾರು ತಾಳ್ಮೆಯವರು, ಚಹಾ ಎಷ್ಟು ಗಂಟೆಗೆ ಬರುತ್ತದೆ, ಶೌಚಾಲಯಕ್ಕೆ ಚಿಲಕ ಇದೆಯೋ ಇಲ್ಲವೋ, ಮುಕಾದಮ್ (ಕೆಲಸಗಾರರ ಮೇಲ್ವಿಚಾರಕ) ಸಿಟ್ಟಿನವನೋ ಹೇಗೆ, ಇವೆಲ್ಲ ಆಗ ತಿಳಿಯುತ್ತವೆ.

ಈಗ ನಿಮ್ಮ ಮಗ ಮಾಡಬಹುದಾದ ಕೆಲಸ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ 1962ರಿಂದ ಇದೆ, 2021ರ ಚುನಾವಣೆಯಲ್ಲಿ 82 ವಾರ್ಡ್ ಇದ್ದವು. ಇಷ್ಟು ದೊಡ್ಡ ಸಂಸ್ಥೆಯಲ್ಲಿ ದಿನಾ ಒಂದೇ ಥರ ಮಾಡುವ ಕೆಲಸಗಳು ಬೇಕಾದಷ್ಟಿವೆ. ಉದ್ಯಾನಗಳಿವೆ, ಗಿಡಕ್ಕೆ ನೀರು, ಒಣಗಿದ ಎಲೆ ಬಾಚುವುದು, ಸಸಿಗಳಿಗೆ ಮಣ್ಣು ತುಂಬಿದ ಚೀಲ ಮಾಡುವುದು. ಹಸಿ ಕಸದಿಂದ ಗೊಬ್ಬರ ಮಾಡುವ ಕಡೆ ಜರಡಿ ಹಿಡಿಯುವ ಕೆಲಸ ಇರುತ್ತದೆ. ಇಂದಿರಾ ಕ್ಯಾಂಟೀನಿನಲ್ಲಿ ತಟ್ಟೆ ಎತ್ತುವುದು, ಮೇಜು ಒರೆಸುವುದು. ಇವೆಲ್ಲ ಜನರಿಗೆ ತಕ್ಷಣ ಹೊಳೆಯುತ್ತವೆ.

ಯಾರಿಗೂ ಹೊಳೆಯದ ಒಂದು ಜಾಗ ಅಂದರೆ ರೆಕಾರ್ಡ್ ರೂಮ್. ಆಸ್ತಿ ತೆರಿಗೆಯ ಫೈಲುಗಳು ವಾರ್ಡ್ ನಂಬರಿನ ಮೇಲೆ ಕಪಾಟಿಗೆ ಹೋಗಬೇಕು. ಫೈಲಿನ ಮೇಲೆ 37 ಅಂತ ಇದ್ದರೆ 37ರ ಕಪಾಟು. ಓದುವುದು ಬೇಕಿಲ್ಲ, ಅಂಕಿಗೆ ಅಂಕಿ ಹೊಂದಿಸಿದರೆ ಸಾಕು. ನಿಮ್ಮ ಮಗ ಅಂಕಿ ಗುರುತಿಸುತ್ತಾನೆ ಅಂತ ಬರೆದಿದ್ದೀರಿ. ಎಲ್ಲಿಯವರೆಗೆ ಗುರುತಿಸುತ್ತಾನೆ? 37 ಮತ್ತು 73 ಬೇರೆ ಅಂತ ಗೊತ್ತಾಗುತ್ತದಾ? ಇದನ್ನು ಈ ವಾರ ಮನೆಯಲ್ಲೇ ನೋಡಿ. ಹಳೇ ಕ್ಯಾಲೆಂಡರ್ ಕತ್ತರಿಸಿ ಆಟದ ಹಾಗೆ ಮಾಡಿ. (ನಗರ ಗ್ರಂಥಾಲಯದಲ್ಲೂ ಇಂಥ ಕೆಲಸ ಇದೆ. ಆದರೆ ಅದು ಪಾಲಿಕೆಯದಲ್ಲ. ನಾವು ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಪಾಲಿಕೆ ಅದನ್ನು ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ ಕೊಡಬೇಕು. ಕೊಡುತ್ತದೋ ಇಲ್ಲವೋ ಅನ್ನುವುದು ಇನ್ನೊಂದು ಪುರಾಣ.)

ಒಪ್ಪಬಾರದ ಕೆಲಸಗಳೂ ಇವೆ. ಗಟಾರದೊಳಗೆ ಇಳಿಯುವುದು, ಮ್ಯಾನ್‌ಹೋಲ್ ಹತ್ತಿರದ ಯಾವ ಕೆಲಸವೂ ಬೇಡ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅದನ್ನು ಯಾರಿಂದಲೂ ಮಾಡಿಸಬಾರದು ಅನ್ನುತ್ತದೆ, ಆದರೂ ‘ಇವಗೇನ್ ತಿಳೀತದ’ ಅಂತ ಇಳಿಸುವವರು ಇರುತ್ತಾರೆ. ನಸುಕಿನಲ್ಲಿ ದೊಡ್ಡ ರಸ್ತೆ ಗುಡಿಸುವುದೂ ಮೊದಲ ಕೆಲಸವಾಗಿ ಬೇಡ. ಟಿಪ್ಪರ್ ಗಾಡಿಯ ಹಿಂದೆ ನೇತಾಡಿಕೊಂಡು ಹೋಗುವುದಂತೂ ಬೇಡವೇ ಬೇಡ.

ಇನ್ನು ಪೊರಕೆಯ ವಿಷಯ. ಕೆಲವು ಮನೆಯವರು ಕಸದ ಕೆಲಸ ಅಂದ ತಕ್ಷಣ ಮಗನನ್ನು ವಾಪಸ್ ಕರೆದುಕೊಂಡು ಹೋಗುತ್ತಾರೆ. ಜಾತಿಯ ಲೆಕ್ಕ ಅದರ ಹಿಂದೆ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಪೌರಕಾರ್ಮಿಕರು ಮಾಡುವ ಕೆಲಸ ನಮ್ಮ ಮಕ್ಕಳಿಗೆ ಕೀಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಗಂತ ಬುದ್ಧಿಮಾಂದ್ಯ ಅಂದ ಕೂಡಲೇ ಕೈಗೆ ಪೊರಕೆ ಕೊಟ್ಟು, ಬೇರೆ ಯಾವುದನ್ನೂ ಯೋಚಿಸದ ಅಧಿಕಾರಿಯನ್ನೂ ಒಪ್ಪುವುದಿಲ್ಲ. ಹುಡುಗನಿಗೆ ಎರಡು ಮೂರು ಕಡೆ ಕೆಲವು ದಿನ ಮಾಡಿಸಿ ನೋಡಿ, ಅವನು ಎಲ್ಲಿ ಕಾಲೆಳೆಯದೆ ಹೋಗುತ್ತಾನೋ ಅದನ್ನು ಹಿಡಿಯಬೇಕು.

ಕೇಳುವುದು ಹೇಗೆ? ‘ನೌಕರಿ ಕೊಡ್ರಿ ಸಾಹೇಬರ’ ಅಂತ ಹೋದರೆ ‘ನೇಮಕಾತಿ ಇಲ್ಲ’ ಅನ್ನುವ ಉತ್ತರ ರೆಡಿ ಇರುತ್ತದೆ. ಅದರ ಬದಲು ಇಂಥ ಜಾಗದಲ್ಲಿ, ಇಂಥ ಕೆಲಸಕ್ಕೆ, ದಿನಕ್ಕೆ ಮೂರು ತಾಸು, ಮೂರು ತಿಂಗಳು ಪ್ರಾಯೋಗಿಕವಾಗಿ ಅವಕಾಶ ಕೊಡಿ, ಜೊತೆಗೆ ಕಲಿಸುವವರು ಇರುತ್ತಾರೆ ಅಂತ ಕೇಳಿ. ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಒಬ್ಬರೇ ಹೋಗಬೇಡಿ. ಮಗ ಓದಿದ ಶಾಲೆಯವರನ್ನು ಕರೆದುಕೊಂಡು ಹೋಗಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿ ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಅಂಗವಿಕಲರೇ. ಯಾವ ಟೇಬಲ್ಲಿನಲ್ಲಿ ಯಾವ ಫೈಲು ಕೂತಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ನಿಮ್ಮ ವಾರ್ಡಿನ ಕಾರ್ಪೊರೇಟರನ್ನೂ ಹಿಡಿಯಿರಿ.

ಅರ್ಜಿಯಲ್ಲಿ ಎರಡು ಮಾತು ಇರಲಿ. ಒಂದು, 2016ರ ಕಾಯ್ದೆಯ 20ನೇ ಕಲಂ. ಅಂಗವಿಕಲ ನೌಕರನಿಗೆ ಬೇಕಾದ ಸೂಕ್ತ ಹೊಂದಾಣಿಕೆಯನ್ನು ಸರ್ಕಾರಿ ಸಂಸ್ಥೆ ಮಾಡಿಕೊಡಬೇಕು ಅನ್ನುತ್ತದೆ ಅದು. ಗಾಲಿ ಕುರ್ಚಿಗೆ ಇಳಿಜಾರು ಮಾಡಿದ ಹಾಗೆ, ನಿಮ್ಮ ಮಗನಿಗೆ ಚಿತ್ರದ ಪಟ್ಟಿ, ಕಡಿಮೆ ತಾಸು, ಹೇಳಿಕೊಡುವ ಒಬ್ಬ ಜೊತೆಗಾರ, ಇವೇ ಹೊಂದಾಣಿಕೆ. 2021ರಲ್ಲಿ ವಿಕಾಸ್ ಕುಮಾರ್ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಹೊಂದಾಣಿಕೆ ಉಪಕಾರ ಅಲ್ಲ, ಹಕ್ಕು ಅನ್ನುವ ಅರ್ಥದಲ್ಲೇ ತೀರ್ಪು ಕೊಟ್ಟಿದೆ. ಎರಡು, ಶೇ 5ರ ಅನುದಾನ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಹಣ ಮೀಸಲಿಡುವ ಲೆಕ್ಕದಲ್ಲಿ ಶೇ 24.10, 7.25, 5 ಅಂತ ಮೂರು ಅಂಕಿ ಕೇಳಿರಬಹುದು. ಮೊದಲನೆಯದು ಪರಿಶಿಷ್ಟರಿಗೆ, ಎರಡನೆಯದು ಇತರೆ ಬಡವರಿಗೆ, ಕೊನೆಯದು ಅಂಗವಿಕಲರಿಗೆ. ಈ ದುಡ್ಡು ಸಾಮಾನ್ಯವಾಗಿ ಮೂರು ಚಕ್ರದ ಗಾಡಿ, ಶ್ರವಣ ಸಾಧನ, ವೈದ್ಯಕೀಯ ನೆರವಿಗೆ ಹೋಗುತ್ತದೆ. ಅದು ಬೇಕೇ ಬೇಕು, ಆದರೆ ಬುದ್ಧಿಮಾಂದ್ಯ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ತೀರಾ ಅಪರೂಪ. ಯಾಕೆಂದರೆ ಅವರಿಗೆ ಯಾವ ಸಾಧನ ಕೊಡುವುದು ಅಂತ ಯಾರಿಗೂ ತೋಚುವುದಿಲ್ಲ. ನೀವು ಕೇಳಿ. ನಮಗೆ ಬೇಕಾದ ಸಾಧನ ಅಂದರೆ ಕಲಿಸುವ ಮನುಷ್ಯ. ಕ್ರಿಯಾ ಯೋಜನೆ ಮಾಡುವ ಹೊತ್ತಿಗೆ ತರಬೇತಿ ಅಂತ ಒಂದು ಸಾಲು ಸೇರಿಸಿ ಅನ್ನಿ. ಗದಗ-ಬೆಟಗೇರಿ ನಗರಸಭೆ ಇರಲಿ, ಹಾವೇರಿ ಇರಲಿ, ಈ ಶೇ 5 ಎಲ್ಲ ಕಡೆ ಇದೆ.

ಜೊತೆಗೆ ನಿಲ್ಲುವವರು ಯಾರು, ಎಷ್ಟು ದಿನ? ಶಾಲೆಯ ಶಿಕ್ಷಕರು ಆಗಬಹುದು, ಓಣಿಯ ಪಿಯುಸಿ ಮುಗಿದ ಹುಡುಗಿ ಆಗಬಹುದು. ತಾಯಿ ಬೇಡ. ಇದು ಕಟುವಾಗಿ ಕೇಳಬಹುದು. ನೀವು ಪಕ್ಕದಲ್ಲಿದ್ದರೆ ಅವನು ಮಗನಾಗಿಯೇ ಇರುತ್ತಾನೆ, ಅಲ್ಲಿನವರೂ ಎಲ್ಲಕ್ಕೂ ನಿಮ್ಮ ಮುಖವನ್ನೇ ನೋಡುತ್ತಾರೆ. ಮೊದಲ ಎರಡು ಮೂರು ವಾರ ಕೋಚ್ ಪೂರ್ತಿ ಹೊತ್ತು ಪಕ್ಕದಲ್ಲೇ ಇರಬೇಕು. ಆಮೇಲೆ ಹತ್ತು ಹೆಜ್ಜೆ ದೂರ. ಆಮೇಲೆ ಬೆಳಗ್ಗೆ ಬಂದು ಹೋಗುವುದು. ಆಮೇಲೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಸರಿಯುತ್ತಾ ಹೋದ ಹಾಗೆ ಅಲ್ಲಿನ ಒಬ್ಬ ಕೆಲಸಗಾರ ಆ ಜಾಗಕ್ಕೆ ಬರಬೇಕು.

ಆ ತಿಂಗಳಿಗೊಮ್ಮೆಯನ್ನು ಮಾತ್ರ ಎಂದೂ ನಿಲ್ಲಿಸಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಉದ್ಯಾನದಲ್ಲಿ ಒಬ್ಬ ಹುಡುಗ ಒಂದೂವರೆ ವರ್ಷ ಚೆನ್ನಾಗಿ ಕೆಲಸ ಮಾಡುತ್ತಿದ್ದ. ಇನ್ನೇನು ಗಟ್ಟಿಯಾದ ಅಂತ ನಾನು ಹೋಗುವುದು ಬಿಟ್ಟೆ. ಅಲ್ಲಿನ ಮುಕಾದಮ್ ಬದಲಾದರು. ಹೊಸಬರಿಗೆ ಇವನ ವಿಷಯ ಯಾರೂ ಹೇಳಿರಲಿಲ್ಲ. ಅವರು ಬೆಳಗಿನ ನೀರಿನ ಕೆಲಸವನ್ನು ಸಂಜೆಗೆ ಹಾಕಿದರು, ಅಷ್ಟೇ. ಹುಡುಗ ಬೆಳಗ್ಗೆ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ಮಧ್ಯಾಹ್ನದವರೆಗೆ ನಿಂತಿದ್ದ. ಹೀಗೆ ನಾಲ್ಕು ದಿನ. ಐದನೇ ದಿನ ಗೇಟಿಗೆ ಕಲ್ಲು ಹೊಡೆದ. ‘ಹುಚ್ಚ ಆಗ್ಯಾನ’ ಅಂತ ಮನೆಗೆ ಕಳಿಸಿದರು. ನನಗೆ ಸುದ್ದಿ ಮುಟ್ಟಿದ್ದು ಎರಡು ತಿಂಗಳ ಮೇಲೆ. ಆಮೇಲೆ ಎಷ್ಟು ಕರೆದರೂ ಅವನು ಆ ರಸ್ತೆಯ ಕಡೆಗೇ ಬರಲಿಲ್ಲ.

ಸಂಬಳದ ವಿಷಯದಲ್ಲಿ ಕಣ್ಣು ತೆರೆದಿಟ್ಟಿರಿ. ಪಾಲಿಕೆಯ ಎಷ್ಟೋ ಕೆಲಸ ಹೊರಗುತ್ತಿಗೆಯಲ್ಲಿ ನಡೆಯುತ್ತದೆ, ಹಾಗಾಗಿ ನಿಮ್ಮ ಮಗ ಒಬ್ಬ ಗುತ್ತಿಗೆದಾರನ ಕೈಕೆಳಗೆ ಇರುವ ಸಾಧ್ಯತೆಯೇ ಜಾಸ್ತಿ. ನನ್ನ ಒಬ್ಬ ಹುಡುಗನಿಗೆ ಒಬ್ಬ ಗುತ್ತಿಗೆದಾರ ಪೂರ್ತಿ ಸಂಬಳಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೈಗೆ ಅರ್ಧ ಕೊಡುತ್ತಿದ್ದ. ಕೇಳಿದರೆ ‘ಅವ ಅರ್ಧಾ ಕೆಲಸಾನೂ ಮಾಡಂಗಿಲ್ರಿ, ಪುಣ್ಯೇಕ ಇಟ್ಕೊಂಡೀನಿ’ ಅಂದ. ಪುಣ್ಯದ ಮಾತು ಬಂತು ಅಂದರೆ ದುಡ್ಡು ಎಣಿಸಿಕೊಳ್ಳಬೇಕು ಅಂತ ಅರ್ಥ. ಮೂರು ತಾಸು ಮಾಡಿದರೆ ಮೂರು ತಾಸಿನ ಕೂಲಿ, ಸರಿ. ಎಂಟು ತಾಸು ಮಾಡಿಸಿ ಅಂಗವಿಕಲ ಅಂತ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಸರಿಯಲ್ಲ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು ಅನ್ನುವುದು ಗುತ್ತಿಗೆ ಕಾರ್ಮಿಕರ ಕಾನೂನಿನಲ್ಲಿ 1970ರಿಂದಲೇ ಬಂದಿರುವ ಮಾತು. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೇಳಿ. ಅದಕ್ಕೆ ಸಂಬಳದ ಮಿತಿ ಉಳಿದವರಿಗೆ ತಿಂಗಳಿಗೆ ₹21,000, ಅಂಗವಿಕಲರಿಗೆ ₹25,000.

ಸಂಬಳ ಅವನ ಹೆಸರಿನ ಖಾತೆಗೇ ಬರಲಿ. ಬ್ಯಾಂಕಿನವರು ಪಾಲಕತ್ವದ ಪತ್ರ ತನ್ನಿ ಅನ್ನಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ 18 ದಾಟಿದವರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಅದನ್ನು ಕೊಡುತ್ತದೆ. ಆದರೆ ಅದಕ್ಕೇ ಮೊದಲು ಓಡಬೇಡಿ. 2016ರ ಕಾಯ್ದೆ ಅಂಗವಿಕಲರೂ ತಮ್ಮ ದುಡ್ಡು ತಾವೇ ನೋಡಿಕೊಳ್ಳಬಹುದು ಅನ್ನುತ್ತದೆ. ಬೇಕಾದಲ್ಲಿ ಬೆಂಬಲ ಕೊಟ್ಟರಾಯಿತು. ಒಂದು ಸಲ ಮ್ಯಾನೇಜರ್ ಎದುರು ಮಗನನ್ನು ಕೂರಿಸಿ, ನೂರರ ನೋಟು ಯಾವುದು, ಐನೂರರದು ಯಾವುದು ಅಂತ ಅವನಿಂದಲೇ ತೋರಿಸಿ. ಎಷ್ಟೋ ಸಲ ಅಲ್ಲಿಗೇ ಬಗೆಹರಿಯುತ್ತದೆ.

ಮಾಸಾಶನಕ್ಕೆ ಆದಾಯದ ಮಿತಿ ಇದೆ. ಸಂಬಳ ಖಾಯಂ ಆದಾಗ ಅದು ನಿಲ್ಲಬಹುದು, ಸುಳ್ಳು ಭರವಸೆ ಕೊಡುವುದಿಲ್ಲ. ಮೂರು ತಿಂಗಳ ಪ್ರಾಯೋಗಿಕ ಅವಧಿಗೆ ಮೊದಲೇ ನಾಡಕಚೇರಿಯಲ್ಲಿ ಕೇಳಿಕೊಳ್ಳಿ. ಮಾಸಾಶನ ಉಳಿಸಿಕೊಳ್ಳಲು ಕೆಲಸ ಬಿಡಿಸಿದ ಮನೆಗಳನ್ನು ನೋಡಿದ್ದೇನೆ, ಅವರನ್ನು ಬೈಯುವ ಮನಸ್ಸಿಲ್ಲ. ತಿಂಗಳ ಕೊನೆಗೆ ಅದೇ ಗ್ಯಾರಂಟಿ ದುಡ್ಡು. ಆದರೆ 23ರ ಹುಡುಗನಿಗೆ ಇನ್ನು ಮೂವತ್ತು ನಲವತ್ತು ವರ್ಷ ಮನೆಯ ಕಟ್ಟೆಯೇ ಗತಿ ಅನ್ನುವುದನ್ನೂ ತಕ್ಕಡಿಗೆ ಹಾಕಿ ನೋಡಿ.

ಚ್ಯಾಷ್ಟಿ ಮಾಡುತ್ತಾರೆ. ಮಾಡುವುದಿಲ್ಲ ಅಂತ ಹೇಳಲಾರೆ. ಮೊದಲ ಹದಿನೈದು ದಿನ ಜಾಸ್ತಿ. ಅದಕ್ಕೆ ಭಾಷಣ ಕೆಲಸಕ್ಕೆ ಬರುವುದಿಲ್ಲ. ಚಹಾದ ಹೊತ್ತಿಗೆ ಅವನೂ ಎಲ್ಲರ ಜೊತೆ ಕೂರುವ ಹಾಗೆ ಮಾಡಿ, ವಾರಕ್ಕೊಂದು ದಿನ ಎಲ್ಲರಿಗೂ ಗಿರಮಿಟ್ಟು ಅವನ ಲೆಕ್ಕದಲ್ಲಿ ಕೊಡಿಸಲಿ. ಪಾಲು ಕೊಡುವವನನ್ನು ಜನ ಅಷ್ಟು ಸುಲಭವಾಗಿ ಆಡಿಕೊಳ್ಳುವುದಿಲ್ಲ. ಆದರೆ ಹೊಡೆತ, ಬೇಡದ ಸ್ಪರ್ಶ, ದುಡ್ಡು ಕಸಿಯುವುದು ಆದರೆ ಅದು ಚ್ಯಾಷ್ಟಿ ಅಲ್ಲ. ಬೇಡ ಅಂತ ಕೈ ಅಡ್ಡ ಹಿಡಿಯುವುದನ್ನು, ಮನೆಗೆ ಬಂದು ಹೇಳುವುದನ್ನು ಕೆಲಸಕ್ಕೆ ಕಳಿಸುವ ಮೊದಲೇ ಕಲಿಸಿ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಅಂಗವಿಕಲರ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ 2016ರ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಆ ಅಧಿಕಾರಿ ಯಾರು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಹೋಗಿ ಬರುವುದು ಸಣ್ಣ ಮಾತಲ್ಲ. ಕೆಲಸ ಬಂದವರೂ ಬಸ್ಸಿನಿಂದಾಗಿ ಬಿಟ್ಟಿದ್ದಾರೆ. ನಡೆದು ಹೋಗುವಷ್ಟು ಹತ್ತಿರದ ಜಾಗ ಸಿಕ್ಕರೆ ಬೇರೆ ಎಲ್ಲವನ್ನೂ ಬಿಟ್ಟು ಅದನ್ನೇ ಹಿಡಿಯಿರಿ. ಇಲ್ಲ ಅಂದರೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ನಮ್ಮ ಮಕ್ಕಳಿಗೆ ಉಳಿದವಕ್ಕಿಂತ ಸುಲಭ. ನಿಲ್ದಾಣ ಬಸ್ಸಿನ ಮಟ್ಟಕ್ಕೇ ಇದೆ, ಬಾಗಿಲು ತಾನಾಗಿ ತೆರೆಯುತ್ತದೆ. ಆದರೆ ಕೆಲವು ಬಸ್ಸು ಎಲ್ಲ ಕಡೆ ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ. ತಪ್ಪು ಬಸ್ ಹತ್ತಿದರೆ ಹುಬ್ಬಳ್ಳಿಯವನು ಧಾರವಾಡದಲ್ಲಿ ಇಳಿಯುತ್ತಾನೆ. ಬಸ್ಸಿನ ಮುಂದಿನ ನಂಬರನ್ನು ದೊಡ್ಡದಾಗಿ ಬರೆದು ಜೇಬಿನಲ್ಲಿ ಇಡಿ, ಹೊಂದಿಸಿ ನೋಡಿ ಹತ್ತಲಿ. ಹತ್ತು ದಿನ ಜೊತೆಗೆ ಹೋಗಿ, ಆಮೇಲೆ ಅದೇ ಬಸ್ಸಿನಲ್ಲಿ ಹಿಂದೆ ಕೂತು ಸುಮ್ನೆ ನೋಡಿ.

ಕೊನೆಗೆ, ನೀವು ನಾಚಿಕೆ ಅಂತ ಬರೆದ ಆ ಸಾಲು. ಅಕ್ಕಾರ, ನಿಮ್ಮ ಪತ್ರದಲ್ಲಿ ನನಗೆ ಬೇಕಾಗಿದ್ದದ್ದು ಅದೇ. ಗಾಡಿ ಬರುವ ಹೊತ್ತು ಅವನಿಗೆ ಗೊತ್ತು. ಯಾರ ಬಕೆಟ್ ಯಾವುದು ಅಂತ ಗೊತ್ತು. ಯಾರೂ ಹೇಳದೆ ದಿನಾ ಮಾಡುತ್ತಾನೆ, ಬಿಡಿಸಿದರೂ ಬಿಡುವುದಿಲ್ಲ. ಹೊಸ ಕೆಲಸಗಾರನಿಗೆ ಇದನ್ನೆಲ್ಲ ಕಲಿಸಲು ನನಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ನಾಳೆ ಗಾಡಿ ಬಂದಾಗ ನೀವೂ ಹೊರಗೆ ಬನ್ನಿ. ಡ್ರೈವರಿಗೆ, ಹಿಂದಿನ ಸಹಾಯಕನಿಗೆ ಒಂದು ಕಪ್ ಚಹಾ ಕೊಡಿ. ಹಸಿ ಕಸ, ಒಣ ಕಸದ ಬಕೆಟ್ ಅವನು ಬೇರೆ ಮಾಡಿ ಇಡುತ್ತಾನಾ, ಎಷ್ಟು ಮನೆಯವು, ತಪ್ಪುವುದು ಎಲ್ಲಿ, ಅವರನ್ನೇ ಕೇಳಿ. ಅವರು ದಿನಾ ನೋಡುತ್ತಿದ್ದಾರೆ. ಒಣ ಕಸ ಎಲ್ಲಿಗೆ ಒಯ್ಯುತ್ತೀರಿ, ಅಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂತಲೂ ಕೇಳಿ. ಒಂದು ವಾರ ಇದನ್ನು ಬರೆದಿಡಿ. ಅರ್ಜಿಯ ಮೊದಲ ಪ್ಯಾರಾ ಅದೇ ಆಗುತ್ತದೆ.